ದಾಸವಾಳದ ಬಿಳಿ ಹಿಟ್ಟು: ಇರುವೆಗಳು ಕೊಟ್ಟ ಸುಳಿವು

ದಾಸವಾಳದ ಕುಡಿಗಳು ಮುರುಟಿ, ಗೆಣ್ಣುಗಳಲ್ಲಿ ಹತ್ತಿಯಂಥ ಬಿಳಿ ಹಿಟ್ಟು ಕಂಡಾಗ ಬೂಷ್ಟು ಎಂದುಕೊಂಡು ಶಿಲೀಂಧ್ರನಾಶಕ ಸಿಂಪಡಿಸಿದೆ. ಎರಡು ವಾರ ದಂಡ. ಉಗುರಿನಿಂದ ಕೆರೆದು ನೋಡಿದರೆ ಹಿಟ್ಟಿನೊಳಗೆ ನಸುಗೆಂಪು ಹುಳು ಮೆಲ್ಲಗೆ ಕಾಲಾಡಿಸುತ್ತಿತ್ತು. ಹಿಟ್ಟು ತಿಗಣೆ! ಕಾಂಡದ ಮೇಲೆ ಇರುವೆಗಳ ಸಾಲು ಬೇರೆ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದರ ಶತ್ರುಕೀಟಗಳನ್ನು ಓಡಿಸುತ್ತವೆ. ಎಲೆಗಳ ಮೇಲಿನ ಕಪ್ಪು ಮಸಿಯೂ ಆ ಅಂಟಿನ ಮೇಲೆ ಬೆಳೆದದ್ದೇ.

ತೀರಾ ಮುರುಟಿದ ಕುಡಿಗಳನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಎಸೆದೆ. ಉಳಿದವನ್ನು ರಭಸದ ನೀರಿನಿಂದ ತೊಳೆದು, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ದ್ರವ ಸೋಪು ಕಲಕಿ ಸಂಜೆ ಎಲೆಯಡಿಗೆ ಸಿಂಪಡಿಸಿದೆ. ವಾರಕ್ಕೊಮ್ಮೆ, ಮೂರು ಬಾರಿ. ಕಾಂಡಕ್ಕೆ ಅಂಟುಪಟ್ಟಿ ಸುತ್ತಿದ ಮೇಲೆ ಇರುವೆಗಳು ಹತ್ತಲಿಲ್ಲ. ಹೊಸ ಚಿಗುರು ನೆಟ್ಟಗೆ ಬಂದಿದೆ.