ಐಡಿ ಕಾರ್ಡ್ ಫೋಟೋ ಕೆಲಸಕ್ಕೆ ಆಕ್ಷನ್ ಮಾಡ್ಕೊಂಡಿದ್ದು ಹೇಗೆ: ನನ್ನ ಅನುಭವ

ಅರಸೀಕೆರೆ ಕಡೆ ಒಂದು ಸಣ್ಣ ಸ್ಟುಡಿಯೋ ನಂದು. ಮದುವೆ ಸೀಸನ್ ಮುಗೀತು ಅನ್ನೋಷ್ಟರಲ್ಲಿ ಜೂನ್ ಬರುತ್ತೆ, ಸ್ಕೂಲ್ ಓಪನ್ ಆಗುತ್ತೆ, ಐಡಿ ಕಾರ್ಡ್ ಫೋಟೋ ಶುರು. ಒಂದೇ ಸ್ಕೂಲಿಂದು 640 ಫೋಟೋ ಇರುತ್ತೆ, ಒಂದೊಂದನ್ನೂ ಓಪನ್ ಮಾಡಿ, ಕ್ರಾಪ್ ಮಾಡಿ, ಬೆಳಕು ಸರಿ ಮಾಡಿ, ಶಾರ್ಪ್ ಕೊಟ್ಟು, ಸೇವ್ ಮಾಡಿ, ಕ್ಲೋಸ್ ಮಾಡ್ಬೇಕು. ಮೊದಲೆಲ್ಲ ಮೂರು ರಾತ್ರಿ ಕೂತು ಮಾಡ್ತಿದ್ದೆ, ಮೂರನೇ ರಾತ್ರಿ ಮಣಿಕಟ್ಟು ಹಿಡ್ಕೊಂಡುಬಿಡೋದು.

ಫೋಟೋಶಾಪ್‌ನಲ್ಲಿ ಆಕ್ಷನ್, ಅಂದ್ರೆ ಮಾಡಿದ ಸ್ಟೆಪ್ಪುಗಳನ್ನ ಒಂದ್ಸಲ ರೆಕಾರ್ಡ್ ಮಾಡಿಟ್ಟು ಬೇರೆ ಫೋಟೋಗಳ ಮೇಲೂ ಅದನ್ನೇ ಓಡಿಸೋದು, 1996ರ 4.0 ವರ್ಷನ್ನಿಂದಾನೇ ಇದೆ, ಆದ್ರೆ ನಮ್ಮ ಕಡೆ ಎಷ್ಟೋ ಸ್ಟುಡಿಯೋದವರು ಬೇರೆಯವರು ಮಾಡಿರೋ ಆಕ್ಷನ್ ಹಾಕ್ಕೊಂಡು ಪ್ಲೇ ಒತ್ತೋದು ಬಿಟ್ರೆ ಸ್ವಂತ ರೆಕಾರ್ಡ್ ಮಾಡಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಎಫ್9 ಒತ್ತಿದ್ರೆ ಆಕ್ಷನ್ಸ್ ಪ್ಯಾನೆಲ್ ಬರುತ್ತೆ, ಹೊಸ ಸೆಟ್, ಅದರೊಳಗೆ ಹೊಸ ಆಕ್ಷನ್, ರೆಕಾರ್ಡ್ ಒತ್ತಿದ್ರೆ ಬಟನ್ ಕೆಂಪಾಗುತ್ತೆ. ಅದು ಕೆಂಪಾದ ತಕ್ಷಣ ಗಾಬರಿ ಬೀಳ್ಬೇಡಿ, ಅದು ನೀವು ಎಷ್ಟು ಹೊತ್ತು ತಗೊಂಡ್ರಿ ಅಂತ ಬರ್ಕೊಳ್ಳಲ್ಲ, ಏನು ಮಾಡಿದ್ರಿ ಅಂತ ಮಾತ್ರ ಬರ್ಕೊಳುತ್ತೆ, ಮಧ್ಯ ಎದ್ದುಹೋಗಿ ಟೀ ಕುಡಿದು ಬಂದ್ರೂ ಏನೂ ಆಗಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳ್ಲೇಬೇಕು. ಸೇವ್ ಆ್ಯಸ್ ರೆಕಾರ್ಡ್ ಮಾಡುವಾಗ ಫೈಲ್ ಹೆಸರು ನಾನೇ ಟೈಪ್ ಮಾಡಿದ್ದೆ, ಆ ಹೆಸರೂ ಆಕ್ಷನ್ ಒಳಗೆ ಸೇರ್ಕೊಂಡಿದೆ. ಫೋಲ್ಡರಲ್ಲಿರೋ ಎಲ್ಲಾ ಫೋಟೋ ಮೇಲೂ ಆಕ್ಷನ್ ಓಡಿಸೋ ಬ್ಯಾಚ್‌ಗೆ ಹಾಕಿ ಊಟಕ್ಕೆ ಹೋಗಿ ಬಂದೆ, ಅಂಗಡಿ ಹುಡುಗ ‘ಅಣ್ಣಾ, ಫೋಲ್ಡರಲ್ಲಿ ಒಂದೇ ಫೋಟೋ ಐತೆ’ ಅಂದ. ನೂರಾರು ಫೋಟೋ ಒಂದರ ಮೇಲೊಂದು ಅದೇ ಹೆಸರಲ್ಲಿ ಸೇವ್ ಆಗಿ ಕೊನೇ ಮಗು ಮಾತ್ರ ಉಳಿದಿತ್ತು. ಒರಿಜಿನಲ್ ಬೇರೆ ಫೋಲ್ಡರಲ್ಲಿತ್ತು, ಅದಕ್ಕೆ ಬಚಾವಾದೆ. ಈಗ ಹೆಸರು ಮುಟ್ಟೋದೇ ಇಲ್ಲ, ಫಾರ್ಮ್ಯಾಟ್ ಜೆಪೆಗ್, ಕ್ವಾಲಿಟಿ 10 ಅಂತ ಮಾತ್ರ ಕೊಡ್ತೀನಿ, ಆಮೇಲೆ ಬ್ಯಾಚ್ ಕಿಟಕಿಯಲ್ಲಿ ‘ಓವರ್‌ರೈಡ್ ಆಕ್ಷನ್ ಸೇವ್ ಆ್ಯಸ್ ಕಮಾಂಡ್ಸ್’ಗೆ ಟಿಕ್ ಹಾಕ್ತೀನಿ. ಆಗ ಕ್ವಾಲಿಟಿ ಆಕ್ಷನ್ನಿಂದ ತಗೊಳುತ್ತೆ, ಹೆಸರು ಮತ್ತೆ ಫೋಲ್ಡರ್ ಬ್ಯಾಚ್ ಹೇಳಿದ ಹಾಗೆ. ಮಕ್ಕಳ ರೋಲ್ ನಂಬರ್ ಫೈಲ್ ಹೆಸರಲ್ಲಿ ಮೊದಲೇ ಇರೋದ್ರಿಂದ ಅದು ಹಾಗೇ ಬರುತ್ತೆ.

ಇನ್ನೊಂದು, ಲೇಯರ್ (ಫೋಟೋದಲ್ಲಿ ಒಂದರ ಮೇಲೊಂದು ಕೂರೋ ಪದರ) ಮೇಲೆ ಮೌಸಲ್ಲಿ ಕ್ಲಿಕ್ ಮಾಡಿ ರೆಕಾರ್ಡ್ ಮಾಡಿದ್ರೆ ‘ಲೇಯರ್ 1’ ಅನ್ನೋ ಹೆಸರೇ ಕೂತ್ಕೊಳುತ್ತೆ, ಬೇರೆ ಫೈಲಲ್ಲಿ ಆ ಹೆಸರಿಲ್ಲ ಅಂದ್ರೆ ಅಲ್ಲೇ ನಿಂತೋಗುತ್ತೆ. ಆಲ್ಟ್ ಜೊತೆ ಸ್ಕ್ವೇರ್ ಬ್ರಾಕೆಟ್ ಕೀ ಒತ್ತಿದ್ರೆ ಮೇಲಿನ ಲೇಯರ್, ಕೆಳಗಿನ ಲೇಯರ್ ಅಂತ ಬರ್ಕೊಳುತ್ತೆ, ಹೆಸರಿನ ತಂಟೆ ಇಲ್ಲ.

ಈಗ ನಂಗೆ ಮುಖ್ಯ ಅನ್ಸಿದ ವಿಷಯ. ಬೆಳಕು ಸರಿ ಮಾಡೋ ಲೆವೆಲ್ಸನ್ನೂ ಒಂದು ಮಗುವಿನ ಫೋಟೋ ಮೇಲೆ ರೆಕಾರ್ಡ್ ಮಾಡಿ ಎಲ್ಲಾದಕ್ಕೂ ಓಡಿಸಿದ್ದೆ. ನೋಡಿದ್ರೆ ಕಪ್ಪಗಿರೋ ಮಕ್ಕಳ ಮುಖ ಎಲ್ಲ ಬೂದಿ ಬಳಿದ ಹಾಗೆ, ಬೆಳ್ಳಗಿರೋರದ್ದು ಮೂಗೇ ಕಾಣದ ಹಾಗೆ. ಒಂದು ಹುಡುಗಿ ಫೋಟೋ ಇನ್ನೂ ಕಣ್ಣ ಮುಂದಿದೆ, ಎಣ್ಣೆ ಹಾಕಿ ಎರಡು ಜಡೆ, ರಿಬ್ಬನ್ನು, ಮೈಬಣ್ಣ ರಾಗಿ ಥರ ಚೆನ್ನಾಗಿತ್ತು, ಅದನ್ನ ನನ್ನ ಆಕ್ಷನ್ ಸುಣ್ಣ ಮಾಡಿಟ್ಟಿತ್ತು. ಆ ಮಗು ವರ್ಷಪೂರ್ತಿ ಅದನ್ನ ಕೊರಳಿಗೆ ಹಾಕ್ಕೊಂಡು ಓಡಾಡ್ಬೇಕು, ಅದು ಅವಳ ಮುಖಾನೇ ಅಲ್ಲ! ಅಷ್ಟನ್ನೂ ಅಳಿಸಿ ಮತ್ತೆ ಮಾಡಿದೆ.

ಅವತ್ತಿಂದ ಎರಡು ಆಕ್ಷನ್ ಬೇರೆ ಬೇರೆ. ಮೊದಲನೇದರಲ್ಲಿ ಕ್ರಾಪ್ ಮತ್ತೆ ಲೆವೆಲ್ಸ್, ಆ ಎರಡು ಸ್ಟೆಪ್ ಪಕ್ಕ ಇರೋ ಪುಟ್ಟ ಡೈಲಾಗ್ ಬಾಕ್ಸ್ ಗುರುತು ಆನ್ ಮಾಡಿರ್ತೀನಿ, ಪ್ರತಿ ಫೋಟೋಗೂ ಅಲ್ಲಿ ನಿಲ್ಲುತ್ತೆ, ತಲೆ ಮೇಲೆ ಎಷ್ಟು ಜಾಗ ಬಿಡ್ಬೇಕು, ಮುಖಕ್ಕೆ ಎಷ್ಟು ಬೆಳಕು ಅನ್ನೋದು ನಾನೇ ನೋಡಿ ಎಂಟರ್ ಒತ್ತೋದು. ಅಳತೆ ಮಾತ್ರ 35 ಗುಣಿಸು 45 ಮಿಲಿಮೀಟರ್, ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್, ಅಂದ್ರೆ 413 ಗುಣಿಸು 531 ಪಿಕ್ಸೆಲ್, ಅದು ಬದಲಾಗಲ್ಲ. ಎರಡನೇದು ಶಾರ್ಪ್, ಎಸ್‌ಆರ್‌ಜಿಬಿ ಅನ್ನೋ ಕಲರ್ ಪ್ರೊಫೈಲ್‌ಗೆ ಬದಲಾಯಿಸೋದು, ಸೇವ್, ಇದಕ್ಕೆ ನನ್ನ ಕಣ್ಣು ಬೇಡ, ಅದರಷ್ಟಕ್ಕೆ ಓಡ್ತಿರುತ್ತೆ.

ಪಾಸ್‌ಪೋರ್ಟ್ ಫೋಟೋ ಶೀಟ್‌ಗೂ ಒಂದು ಆಕ್ಷನ್ ಇದೆ, ಇದು ನಂಗೆ ಬಹಳ ಇಷ್ಟ. 4 ಗುಣಿಸು 6 ಇಂಚಿನ ಪೇಪರ್ ಅಂದ್ರೆ ಅಡ್ಡ 1800, ಉದ್ದ 1200 ಪಿಕ್ಸೆಲ್. ಕ್ರಾಪ್ ಆದ ಫೋಟೋಗೆ ಕ್ಯಾನ್ವಾಸ್ (ಫೋಟೋ ಕೂರೋ ಹಾಳೆ) ಸೈಜಲ್ಲಿ ಬಿಳಿ ಅಂಚು ಸೇರಿಸಿ 450 ಗುಣಿಸು 600 ಪಿಕ್ಸೆಲ್ ಮಾಡಿದ್ರೆ ಸರಿಯಾಗಿ ಎಂಟು ಕೂರುತ್ತೆ. ಕಂಟ್ರೋಲ್ ಜೆ ಒತ್ತಿ ಲೇಯರ್ ಮಾಡ್ಕೊಂಡು, ಕ್ಯಾನ್ವಾಸನ್ನ ಮೇಲಿನ ಎಡ ಮೂಲೆ ಹಿಡಿದು ಪೂರ್ತಿ ಶೀಟಿನಷ್ಟು ದೊಡ್ಡದು ಮಾಡಿ, ಲೇಯರ್ ಕಾಪಿ ಮಾಡಿ 450 ಬಲಕ್ಕೆ ಸರಿಸಿ ಮರ್ಜ್ (ಎರಡೂ ಸೇರಿ ಒಂದೇ ಲೇಯರ್), ಆ ಎರಡನ್ನ ಕಾಪಿ ಮಾಡಿ 900 ಸರಿಸಿ ಮರ್ಜ್, ಆ ನಾಲ್ಕನ್ನ ಕಾಪಿ ಮಾಡಿ 600 ಕೆಳಗೆ. ಎಫ್3 ಕೀಗೆ ಕೊಟ್ಟಿದೀನಿ, ಕಸ್ಟಮರ್ ಚಿಲ್ಲರೆ ಹುಡುಕೋಷ್ಟರಲ್ಲಿ ಪ್ರಿಂಟರಿಗೆ ಹೋಗಿರುತ್ತೆ.

ರೆಕಾರ್ಡ್ ಮುಗಿದ ಮೇಲೆ ಸೆಟ್‌ನ ಸೆಲೆಕ್ಟ್ ಮಾಡಿ, ಆಕ್ಷನ್ನಲ್ಲ, ಸೆಟ್ಟನ್ನ, ‘ಸೇವ್ ಆಕ್ಷನ್ಸ್’ ಕೊಡಿ, ಆ ಸೆಟ್ಟಿನ ಆಕ್ಷನ್ ಎಲ್ಲ ಇರೋ ಎಟಿಎನ್ ಫೈಲ್ ಸಿಗುತ್ತೆ. ನಂದು ಎರಡು ಪೆನ್‌ಡ್ರೈವಲ್ಲಿದೆ, ಒಂದು ಅಂಗಡಿ ಡ್ರಾಯರಲ್ಲಿ, ಇನ್ನೊಂದು ಮನೇಲಿ.