ಎಂವಿಎ ಪೋರ್ಟ್‌ಫೋಲಿಯೊ ತಯಾರಿ: ಕಪ್ಪುಕಲ್ಲು, ಮಾದರಪಾಟ, ಅಗಸೆ ಎಣ್ಣೆ

ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ಎಂವಿಎಗೆ (ದೃಶ್ಯಕಲೆಯ ಸ್ನಾತಕೋತ್ತರ ಪದವಿಗೆ) ಅರ್ಜಿ ಹಾಕುವವರ ಪೋರ್ಟ್‌ಫೋಲಿಯೊದಲ್ಲಿ ಒಂದು ಭಾವಚಿತ್ರ, ಒಂದು ನಿಸರ್ಗಚಿತ್ರ, ಒಂದು ಸ್ಟಿಲ್ ಲೈಫ್, ಎರಡು ಅಮೂರ್ತ, ಹೀಗೆ ಎಲ್ಲವೂ ಒಂದಿಷ್ಟು ಇರುತ್ತವೆ. ಕೈ ಪಳಗಿದೆ ಅನ್ನುವುದು ಕಾಣುತ್ತದೆ. ಮುಂದಿನ ಎರಡು ವರ್ಷ ಯಾವುದರ ಬೆನ್ನು ಹತ್ತುತ್ತೀರಿ ಅನ್ನುವುದು ಕಾಣುವುದಿಲ್ಲ. ಅದಕ್ಕೇ ನಾನು ವಿಜಯಪುರದಲ್ಲಿ ತಯಾರಿ ಮಾಡುವಾಗ ಹಿಡಿದದ್ದು ಒಂದೇ ವಿಷಯ: ಆದಿಲಶಾಹಿ ಕಟ್ಟಡಗಳ ಕಲ್ಲಿನ ಮೇಲೆ ಬೀಳುವ ಬೆಳಕು.

ಎಣ್ಣೆಬಣ್ಣದಲ್ಲಿ ಈ ಕಪ್ಪುಕಲ್ಲಿಗೆ ಟ್ಯೂಬಿನ ಕಪ್ಪು ಹಾಕಿ ಬಿಳಿ ಬೆರೆಸಿದರೆ ಸಿಮೆಂಟ್ ಗೋಡೆಯಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಸೇರಿಸಿ ಗಾಢ ಬೂದು ಮಾಡಿಕೊಳ್ಳಬೇಕು. ಬಿಸಿಲಿನ ಕಡೆಗೆ ಸಿಯೆನಾ ಹೆಚ್ಚಿಸಿ, ಸ್ವಲ್ಪ ಯೆಲ್ಲೊ ಓಕರ್ (ಮಣ್ಣುಹಳದಿ) ಮತ್ತು ಬಿಳಿ. ನೆರಳಿನ ಕಡೆಗೆ ನೀಲಿ ಹೆಚ್ಚು, ಬಿಳಿ ಬಹಳ ಕಡಿಮೆ. ಆದಿಲಶಾಹಿ ಗೋರಿಯಾದ ಇಬ್ರಾಹಿಂ ರೋಜಾದ ಸಜ್ಜಾದ ಕೆಳಗೆ ನೋಡಿ: ನೆರಳಾದರೂ ನೆಲದಿಂದ ಪುಟಿದ ಬಿಸಿಲು ಅಲ್ಲಿ ಬೆಚ್ಚನೆಯ ಕಂದು ಎಬ್ಬಿಸುತ್ತದೆ. ಅಲ್ಲಿಯೂ ನೀಲಿಯನ್ನೇ ಬಳಿದರೆ ಸಜ್ಜಾ ಚಪ್ಪಟೆಯಾಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಲೆಕ್ಕ ಬೇರೆ. ನೆರಳಿಗೆ ಕಂದು ಹಾಕುವ ಚಟ ಬಿಟ್ಟು, ಅಲ್ಟ್ರಾಮರೀನ್‌ಗೆ ಅಲಿಜರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು ಬೆರೆಸಿ ನೋಡಿ.

ಸ್ಥಳದಲ್ಲಿ ಮಾಡುವ ಸ್ಟಡಿಗೆ (ದೊಡ್ಡ ಚಿತ್ರಕ್ಕೆ ಮೊದಲಿನ ಚಿಕ್ಕ ಅಭ್ಯಾಸಚಿತ್ರಕ್ಕೆ) 8×10 ಇಂಚಿನ ಎಂಡಿಎಫ್ ಹಲಗೆ ಸಾಕು. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಕೂರಬೇಕು, ಒಂದು ಹಲಗೆಗೆ ನಲವತ್ತು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ನೆರಳು ಜರುಗಿ ಒಂದೇ ಚಿತ್ರದಲ್ಲಿ ಎರಡು ಸೂರ್ಯ ಬರುತ್ತವೆ.

ದೊಡ್ಡ ಕ್ಯಾನ್ವಾಸನ್ನು ಕಟ್ಟುವುದು ನಾನೇ. ರೆಡಿಮೇಡ್ ಅಗ್ಗದ ಕ್ಯಾನ್ವಾಸಿನ ಪ್ರೈಮರ್ (ಬಣ್ಣದ ಕೆಳಗಿನ ತಳಲೇಪ) ತೆಳು, ಎಣ್ಣೆ ಹಿಂಬದಿಗೆ ಇಳಿಯುತ್ತದೆ. ಇಳಿದ ಎಣ್ಣೆ ವರ್ಷಗಳಲ್ಲಿ ನೂಲನ್ನೇ ಸುಟ್ಟಂತೆ ಪುಡಿಮಾಡುತ್ತದೆ. ದಪ್ಪ ಮಾದರಪಾಟ (ಹತ್ತಿಬಟ್ಟೆ) ತಂದು, ಗಂಜಿ ಹೋಗುವಂತೆ ಬಿಸಿನೀರಲ್ಲಿ ಒಗೆದು ಇಸ್ತ್ರಿ ಮಾಡಿ. ಚೌಕಟ್ಟಿನ ಪಟ್ಟಿಯ ಒಳ ಅಂಚನ್ನು ಬಡಿಗನಿಂದ ಇಳಿಜಾರಾಗಿ ತಾಸಿಸಿರಿ, ಇಲ್ಲವಾದರೆ ಪಟ್ಟಿಯ ಗೆರೆ ಚಿತ್ರದ ಮೇಲೆ ಮೂಡುತ್ತದೆ. 3×4 ಅಡಿ ಇದ್ದರೆ ನಡುವೆ ಅಡ್ಡಪಟ್ಟಿ ಬೇಕೇ ಬೇಕು. ಎರಡೂ ಕರ್ಣಗಳ ಅಳತೆ ಸಮ ಬಂದ ಮೇಲೆಯೇ ಬಟ್ಟೆ ಎಳೆಯಬೇಕು. ಪ್ರತಿ ಬದಿಯ ನಡುವಿನಿಂದ ಶುರುಮಾಡಿ, ಎದುರುಬದುರು ಮೊಳೆ ಹೊಡೆಯುತ್ತ ಮೂಲೆಗೆ ಹೋಗಿ.

ಅಭ್ಯಾಸದ ಕ್ಯಾನ್ವಾಸಿಗೆ ಮನೆಯಲ್ಲೇ ಮಾಡಿದ ಪ್ರೈಮರ್ ನಡೆಯುತ್ತದೆ: ಒಂದು ಅಳತೆ ಫೆವಿಕಾಲ್, ಒಂದು ನೀರು, ಎರಡು ಚಾಕ್ ಪುಡಿ, ಅರ್ಧ ಜಿಂಕ್ ಆಕ್ಸೈಡ್. ಅಂಟು ಹೆಚ್ಚಾದರೆ ಮೇಲ್ಮೈ ನುಣುಪಾಗಿ ಬಣ್ಣ ಜಾರುತ್ತದೆ. ಕಡಿಮೆಯಾದರೆ ಎಣ್ಣೆಯನ್ನೆಲ್ಲ ಹೀರಿ ಗಾಢ ಬಣ್ಣಗಳು ಮಂಕಾಗುತ್ತವೆ. ಪೋರ್ಟ್‌ಫೋಲಿಯೊದ ಕೆಲಸಕ್ಕೆ ಮಾತ್ರ ಅಕ್ರಿಲಿಕ್ ಜೆಸ್ಸೊ ಎಂಬ ಸಿದ್ಧ ಪ್ರೈಮರ್, ಮೂರು ಕೋಟ್. ಒಂದು ಅಡ್ಡ, ಮುಂದಿನದು ಉದ್ದ, ನಡುನಡುವೆ 220 ನಂಬರಿನ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಬೇಕು.

ಬಣ್ಣದ ಪದರಗಳಲ್ಲಿ ಕೆಳಗಿನದಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಮೊದಲನೆಯದು ಬರೀ ಟರ್ಪೆಂಟೈನ್‌ನಲ್ಲಿ ತೆಳುವಾದ ಬರ್ನ್ಟ್ ಅಂಬರ್ (ಗಾಢ ಕಂದು), ಎರಡನೆಯದಕ್ಕೆ ಒಂದು ಪಾಲು ಅಗಸೆ ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್, ಮೂರನೆಯದಕ್ಕೆ ಸಮಸಮ. ಎಣ್ಣೆಬಣ್ಣ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ. ಮೇಲಿನ ಪದರ ಮೊದಲು ಗಟ್ಟಿಯಾಗಿ ಕೆಳಗಿನದು ಇನ್ನೂ ಕುಗ್ಗುತ್ತಿದ್ದರೆ ಬಿರುಕು ಖಂಡಿತ. ಅಂಬರ್ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ನಿಧಾನ. ಹಾಗಾಗಿ ಕರಿಯನ್ನು ತಳಪದರಕ್ಕೆ ಹಾಕಬೇಡಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಟರ್ಪೆಂಟೈನ್ ಬಟ್ಟಲಲ್ಲೇ ಹಾರಿಹೋಗಿ ಮಿಶ್ರಣ ನಿಮಗೆ ತಿಳಿಯದೇ ಎಣ್ಣೆಮಯವಾಗುತ್ತದೆ. ಬಟ್ಟಲಿಗೆ ಮುಚ್ಚಳ ಬೇಕು. ಬೆಳಗಾವಿಯ ಜುಲೈನಲ್ಲಿ ಇದರ ಉಲ್ಟಾ: ಪದರ ಒಣಗದು, ಬಟ್ಟೆ ಸಡಿಲಾಗುತ್ತದೆ, ಗೋಡೆಗೆ ತಾಗಿಸಿಟ್ಟರೆ ಹಿಂಬದಿಗೆ ಬೂಷ್ಟು. ಆಗ ಚೌಕಟ್ಟಿನ ಮೂಲೆಗೆ ಬೆಣೆ ಬಡಿದು ಬಿಗಿಮಾಡಲು ಹೋಗಬೇಡಿ. ಹವೆ ಒಣಗಿದಾಗ ಬಟ್ಟೆ ತಾನೇ ಬಿಗಿಯುತ್ತದೆ, ಮೊದಲೇ ಎಳೆದಿದ್ದರೆ ಮೂಲೆಯಲ್ಲಿ ಹರಿಯುತ್ತದೆ.

ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಬಿಸಿ ಒಳಗೇ ಸೇರಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಿ.

ಹತ್ತು ಹನ್ನೆರಡು ಚಿತ್ರ ಒಂದೇ ಸರಣಿಯದಾಗಿರಲಿ, ಜೊತೆಗೆ ಸ್ಥಳದ ಸ್ಟಡಿಗಳು ಮತ್ತು ಲೈಫ್ ಡ್ರಾಯಿಂಗ್ (ಎದುರು ಕೂತ ಮನುಷ್ಯರನ್ನು ನೋಡಿ ಬಿಡಿಸಿದ್ದು). ಸ್ಟಡಿಯಿಂದ ದೊಡ್ಡ ಚಿತ್ರಕ್ಕೆ ಏನು ಬದಲಾಯಿತು ಅನ್ನುವುದನ್ನೇ ಸಂದರ್ಶನದಲ್ಲಿ ಕೆದಕುತ್ತಾರೆ. ಫೋಟೊ ತೆಗೆಯಲು ಫ್ಲಾಶ್ ಬೇಡ, ಎಣ್ಣೆಯ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ನೆರಳಿರುವ ಪಡಸಾಲೆಯಲ್ಲಿ ಚಿತ್ರದ ನಡುಮಟ್ಟಕ್ಕೆ ಕ್ಯಾಮೆರಾ ಹಿಡಿಯಿರಿ. ವಾರ್ನಿಷ್ ಹಚ್ಚಲು ಕನಿಷ್ಠ ಆರು ತಿಂಗಳು ಕಾಯಬೇಕು, ದಪ್ಪ ಬಣ್ಣವಾದರೆ ವರ್ಷ. ಅರ್ಜಿಯ ಗಡುವು ಹತ್ತಿರ ಬಂದಿದ್ದರೆ ಮಂಕಾದ ಜಾಗಗಳಿಗೆ ರಿಟಚಿಂಗ್ ವಾರ್ನಿಷ್ (ತಾತ್ಕಾಲಿಕ ವಾರ್ನಿಷ್) ತೆಳುವಾಗಿ ಹೊಡೆದು ಫೋಟೊ ತೆಗೆಯಬಹುದು, ಆದರೆ ಬಣ್ಣ ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿರಬೇಕು.