ರಿಮಾಂಡ್ ಕೈದಿಯ ಮನೆಯವರು ಜೈಲಿನ ಅಲಿಖಿತ ನಿಯಮಗಳನ್ನು ಅರಿತು ನಡೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಮನೆಯೊಂದರಲ್ಲಿ ಯಾರಿಗಾದರೂ ರಿಮಾಂಡ್, ಅಂದರೆ ತೀರ್ಪಿಗೆ ಮುಂಚಿನ ಜೈಲುವಾಸ, ಆದೊಡನೆ ಎಲ್ಲರೂ ವಕೀಲರು, ಜಾಮೀನು ಎಂದು ಓಡಾಡುವುದು ಸಹಜ. ಆದರೆ ಜಾಮೀನು ಸಿಗುವವರೆಗೆ ಅವನು ಎರಡು ಕಾನೂನುಗಳಿಗೆ ತಲೆಬಾಗಬೇಕು: ಒಂದು ಕೇರಳದ 2010ರ ಜೈಲು ಕಾಯಿದೆ, ಇನ್ನೊಂದು ಕೈದಿಗಳೇ ಕಟ್ಟಿಕೊಂಡ ಕಟ್ಟಳೆ. ಹೊಸಬರು ಈ ಎರಡನೆಯದನ್ನು ಹೇಗೆ ಮೈಗೂಡಿಸಿಕೊಳ್ಳುತ್ತಾರೆಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ಲೆಮರ್ 1940ರಲ್ಲೇ ವಿವರಿಸಿದ್ದರು.

ಇನ್ನೊಬ್ಬನ ಕೇಸನ್ನು ಕೆದಕಬಾರದು, ಜೊತೆಯವನ ಮೇಲೆ ಅಧಿಕಾರಿಗಳಿಗೆ ದೂರು ಒಯ್ಯಬಾರದು, ಪಡೆದ ಸಾಲವನ್ನು ಉಳಿಸಿಕೊಳ್ಳಬಾರದು ಎಂಬಿವು ಆ ಕಟ್ಟಳೆಯ ಮುಖ್ಯಾಂಶಗಳು. ಮೊದಲೆರಡನ್ನು ಬಾಯಿ ಬಿಗಿಹಿಡಿದು ಪಾಲಿಸಬಹುದು. ಮೂರನೆಯದಕ್ಕೆ ನಿಮ್ಮ ನೆರವು ಬೇಕು. ಸಾಲ ಶುರುವಾಗುವುದು ಒಂದು ಸಾಬೂನಿನಿಂದ. ಇಂದು ಒಂದು ಕೊಟ್ಟವನು ಜೈಲಿನ ಕ್ಯಾಂಟೀನಿನಲ್ಲಿ ಸಾಮಾನು ಕೊಳ್ಳುವ ದಿನ ಎರಡು ಕೇಳಬಹುದು. ಅದಿಲ್ಲದಿದ್ದರೆ ಬಟ್ಟೆ ಒಗೆಯುವ ಕೆಲಸವೋ, ಬೀಡಿಯಂಥ ನಿಷಿದ್ಧ ವಸ್ತುವನ್ನು ಬಚ್ಚಿಡುವ ಕೆಲಸವೋ ಇವನ ತಲೆಗೆ ಬರುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಕ್ಯಾಂಟೀನಿಗೆ ಹಣ ಕಟ್ಟುವ ಕ್ರಮವನ್ನೂ ತಿಂಗಳ ಮಿತಿಯನ್ನೂ ಜೈಲು ಕಚೇರಿಯಲ್ಲಿ ವಿಚಾರಿಸಿ, ಸ್ವಲ್ಪಸ್ವಲ್ಪವಾಗಿ, ತಪ್ಪದೆ ಕಟ್ಟಿರಿ. ಒಮ್ಮೆಗೇ ದೊಡ್ಡ ಮೊತ್ತ ಕಟ್ಟಿದರೆ ಹತ್ತು ಜನರ ಕಣ್ಣು ಬೀಳುತ್ತದೆ.

ಅವನು ಏಕಾಏಕಿ ಹೆಚ್ಚು ಹಣ ಕೇಳಿದರೆ, ಅಥವಾ ಅಪರಿಚಿತರು ಫೋನ್ ಮಾಡಿ ಯಾವುದೋ ಖಾತೆಗೆ ಹಾಕಿ ಎಂದರೆ, ಹಾಕಬೇಡಿ. ದೂರು ಕೊಟ್ಟವನೆಂಬ ಹೆಸರು ಅವನಿಗೆ ಬಂದರೆ ಒಳಗೆ ಉಳಿಗಾಲವಿಲ್ಲ. ಹಾಗಾಗಿ ವಕೀಲರ ಮೂಲಕವೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕವೋ ನೀವೇ ಬರೆದುಕೊಡಿ, ಅವನು ಹೇಳಿದನೆಂದು ಮಾತ್ರ ಬರೆಯಬೇಡಿ. ಜಾತಿ ನೋಡಿ ಕಸ ಗುಡಿಸುವ, ಕಕ್ಕಸು ತೊಳೆಯುವ ಕೆಲಸ ಹಂಚಿದರೂ ಹೀಗೆಯೇ ಮಾಡಬಹುದು. ಜೈಲುಗಳಲ್ಲಿ ಅಂಥ ಹಂಚಿಕೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ.

ಶಿಕ್ಷೆಯಾಗಿ ಕಣ್ಣೂರು ಸೆಂಟ್ರಲ್ ಜೈಲಿಗೆ ಹೋಗುವವನಿಗೆ ಇನ್ನೊಂದು ಎಚ್ಚರಿಕೆ ಹೇಳಬೇಕು. ಪರಸ್ಪರ ವಿರೋಧಿ ರಾಜಕೀಯ ಪಕ್ಷಗಳ ಕೈದಿಗಳನ್ನು ಅಲ್ಲಿ ಬೇರೆ ಬೇರೆ ಬ್ಲಾಕುಗಳಲ್ಲಿ ಇರಿಸುವ ರೂಢಿಯುಂಟು. ಮಲಯಾಳ ಅಷ್ಟಾಗಿ ಬಾರದ ನಮ್ಮವನಿಗೆ ಯಾವುದಾದರೂ ಗುಂಪಿನ ನೆರಳು ಸೇರಿಕೊಳ್ಳುವುದು ಸುಲಭದ ದಾರಿಯೆನಿಸುವುದೇನೋ ನಿಜ, ಆದರೆ ಆ ಆಸರೆಯೂ ಒಂದು ಬಗೆಯ ಸಾಲವೇ.

ಬಿಡುಗಡೆಯಾಗಿ ಬಂದವನು ಸಾಬೂನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಕೇಳಿದ್ದಕ್ಕಷ್ಟೇ ಉತ್ತರಿಸಿದರೆ, ಅದನ್ನು ಅಹಂಕಾರವೆಂದುಕೊಳ್ಳಬೇಡಿ. ಒಳಗಿನ ಪರಿಚಯದವರು ಹಳೆಯ ಲೆಕ್ಕ ಹಿಡಿದು ಮನೆಬಾಗಿಲಿಗೆ ಬಂದರೆ ಮಾತ್ರ ಅವನು ಬಾಯಿಬಿಡಲೆಂದು ಕಾಯುತ್ತ ಕೂರದೆ ಅಂದೇ ವಕೀಲರಿಗೆ ತಿಳಿಸಿರಿ.